ಶೇ 25 ಜಾಸ್ತಿಯಾ ಅಂತ ಕೇಳುವ ಮೊದಲು ಚೆಕ್ ಬುಕ್ ನೋಡಿ

ತಂದೆಯವರ ಆಕ್ಸಿಡೆಂಟ್ ಕೇಸಿಗೆ ವಕೀಲರು "ಗೆದ್ದರೆ ಶೇ 25, ಸೋತರೆ ಏನೂ ಬೇಡ" ಅಂದಿದ್ದಾರೆ, 20ಕ್ಕೆ ಇಳಿಸಬಹುದಾ ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಕೇಳಿದ್ದೆ.

ನಾನು ಬನಹಟ್ಟಿಯವನು, ಮಗ್ಗ ನಡೆಸುತ್ತೇನೆ. 2016ರ ಕಬ್ಬಿನ ಸೀಸನ್. ರಾತ್ರಿ ಜಮಖಂಡಿಯಿಂದ ಬರುವಾಗ ರಸ್ತೆಯಲ್ಲೇ ನಿಲ್ಲಿಸಿದ್ದ ಕಬ್ಬಿನ ಟ್ರೇಲರ್‌ಗೆ ನನ್ನ ಬೈಕ್ ಬಡಿಯಿತು. ಅದರ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಬಲಗಾಲಿಗೆ ರಾಡ್ ಹಾಕಿದರು. ನಾಲ್ಕನೇ ದಿನ ಒಬ್ಬ ಏಜೆಂಟ್ ವಕೀಲರನ್ನು ಕರಕೊಂಡು ಬಂದ. "ಕಾಕಾ, ನೀವೇನೂ ಚಿಂತಿ ಮಾಡಬ್ಯಾಡ್ರಿ. ಗೆದ್ದ ಮ್ಯಾಲೆ ಶೇಕಡಾ ಮೂವತ್ತು ಕೊಟ್ರ ಸಾಕು" ಅಂದ. ವಕಾಲತ್ತಿಗೆ ಸಹಿ ಮಾಡಿದೆ. ಅದರ ಜೊತೆಗೆ ಎರಡು ಖಾಲಿ ಚೆಕ್ಕಿಗೂ ಮಾಡಿದೆ.

ನನ್ನನ್ನು ಮುಳುಗಿಸಿದ್ದು ಆ ಚೆಕ್ಕುಗಳೇ. ತಾರೀಖಿಲ್ಲ, ಹೆಸರಿಲ್ಲ, ಮೊತ್ತವಿಲ್ಲ, ಕೆಳಗೆ ನನ್ನ ಸಹಿ ಮಾತ್ರ. "ಓದಿ ಸಹಿ ಮಾಡ್ರಿ" ಅಂತ ಹೆಂಡತಿ ಹೇಳುತ್ತಲೇ ಇದ್ದಳು. ಆದರೆ ಓದಲು ಅದರಲ್ಲಿ ಏನಿತ್ತು? ಮೂವತ್ತು ಅಂದರೆ ಯಾವುದರ ಮೂವತ್ತು ಅಂತ ನಾನೂ ಕೇಳಲಿಲ್ಲ. ಕೈಗೆ ಬಂದ ದುಡ್ಡಿನಲ್ಲಿ ಅಂದುಕೊಂಡಿದ್ದೆ.

2019ರಲ್ಲಿ 6,40,000 ಪರಿಹಾರ ಆಯಿತು. ಅರ್ಧ ಹಣವನ್ನು ಕೋರ್ಟು ಮೂರು ವರ್ಷದ ಠೇವಣಿಗೆ ಹಾಕಿಸಿತು. ಮಗ್ಗದ ಮುಂದೆ ನಿಂತಿದ್ದಾಗ ಮೊಬೈಲಿಗೆ ಮೆಸೇಜ್ ಬಂತು, 3,20,000 ಜಮಾ. ಮರುದಿನ ಇನ್ನೊಂದು, 1,92,000 ಖರ್ಚು. ಠೇವಣಿ ಹಣವನ್ನೂ ಸೇರಿಸಿ ಪೂರ್ತಿ ಮೊತ್ತಕ್ಕೆ ಮೂವತ್ತು ಲೆಕ್ಕ ಹಾಕಿ ಚೆಕ್ ತುಂಬಿದ್ದರು. ನಾನು ಅಂದುಕೊಂಡ ಲೆಕ್ಕದಲ್ಲಿ ಅದು 96,000 ಆಗಬೇಕಿತ್ತು. ಉಳಿದದ್ದು 1,28,000. ಆಸ್ಪತ್ರೆಗೆ ಅಂತ ಮಾಡಿದ ಸಾಲವೇ ಒಂದೂವರೆ ಲಕ್ಷ ಇತ್ತು.

ಹಾಗಾಗಿ 25ನ್ನು 20 ಮಾಡುವ ಚೌಕಾಸಿಗೆ ಇಳಿಯಲೇಬೇಡಿ. ಅಮೆರಿಕದಲ್ಲಿ ಮೂರನೇ ಒಂದು ಪಾಲು ತಗೊಳ್ಳುವುದು ಮಾಮೂಲಿ, ಅಲ್ಲಿ ಅದಕ್ಕೆ ಕಾನೂನೂ ಇದೆ. ನಮ್ಮಲ್ಲಿ ಹಾಗಿಲ್ಲ. ಕೇಸಿನ ಫಲಕ್ಕೆ ತಕ್ಕಂತೆ ಫೀಸು ಗೊತ್ತು ಮಾಡಬಾರದು, ಬಂದ ಹಣದಲ್ಲಿ ಪಾಲು ತಗೊಳ್ಳಬಾರದು ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ತೆಲಂಗಾಣದ ಒಂದು ಕೇಸಿನಲ್ಲಿ ಗಂಡ ಅಪಘಾತದಲ್ಲಿ ತೀರಿಕೊಂಡ ಹೆಣ್ಣುಮಗಳ ಮೇಲೆ ವಕೀಲರು ಫೀಸಿನ ಚೆಕ್ ಬೌನ್ಸ್ ಆಯಿತು ಅಂತ ಕೇಸ್ ಹಾಕಿದ್ದರು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಪರಿಹಾರದಲ್ಲಿ ಶೇಕಡಾವಾರು ಫೀಸು ಕೇಳುವುದೇ ತಪ್ಪು ಅಂದಿತು. ನನ್ನ ಚೆಕ್ ತುಂಬುವ ಹೊತ್ತಿಗೆ ಆ ತೀರ್ಪು ಬಂದು ವರ್ಷ ದಾಟಿತ್ತು. ನನಗೆ ಯಾರೂ ಹೇಳಲಿಲ್ಲ.

"ಕೈಯಲ್ಲಿ ದುಡ್ಡಿಲ್ಲ, ಇನ್ನೇನು ಮಾಡಲಿ" ಅಂತೀರಿ, ಗೊತ್ತು. ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕು ಕೋರ್ಟಿನಲ್ಲಿ ಅದರ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುತ್ತಾರೆ. ಬಡವರಿಗೂ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿ. ನಿಮ್ಮದೇ ವಕೀಲರು ಬೇಕು ಅಂದರೆ ಇಷ್ಟು ಅಂತ ಒಂದು ಮೊತ್ತ ಗೊತ್ತು ಮಾಡಿ, ಕಂತಿನಲ್ಲಿ ಕೊಡಿ, ಪ್ರತಿ ಸಲ ರಶೀದಿ ಇಸ್ಕೊಳ್ಳಿ. ಹೀಗೆ ಒಪ್ಪುವ ಒಳ್ಳೆಯ ವಕೀಲರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೆ ತಡ ಮಾಡಬೇಡಿ. 2022ರ ಏಪ್ರಿಲ್‌ನಿಂದ ಆಕ್ಸಿಡೆಂಟ್ ಆಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಕಾನೂನಿನಲ್ಲಿದೆ.

ಇವತ್ತು ರಾತ್ರಿಯೇ ತಂದೆಯವರ ಚೆಕ್ ಬುಕ್ ತೆಗೆದು ಹಾಳೆಗಳ ನಂಬರು ಎಣಿಸಿ. ಒಂದು ಹಾಳೆ ಹೋಗಿದ್ದರೂ ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಆ ನಂಬರಿಗೆ ಹಣ ಕೊಡಬೇಡಿ ಅಂತ ಬರೆದುಕೊಡಿ. ಚೆಕ್ ವಾಪಸ್ ಕೊಡಿ ಅಂತ ವಕೀಲರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕಿ, ಅದರ ನಕಲು ಇಟ್ಟುಕೊಳ್ಳಿ.