ಓದುಗರ ಪ್ರಶ್ನೆ: ಸಹಿ ಹಾಕಿ ಬರುವುದಷ್ಟೇ ನಮ್ಮ ಪಾಲೆ?

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಊರವರು ಶಾಲೆಗೆ ಗೇಟು ಮಾಡಿಸಿದ್ದಾರೆ, ಬಣ್ಣ ಹಚ್ಚಿಸಿದ್ದಾರೆ. ಸಭೆಯೆಂದರೆ ಮಾತ್ರ ಠರಾವು ಪುಸ್ತಕಕ್ಕೆ ಸಹಿ ಹಾಕಿ ಬರುವುದಾಗಿದೆ. ನಾಲ್ಕನೆಯ ಇಯತ್ತೆವರೆಗೆ ಓದಿದ ನನ್ನಂಥವರು ಮಕ್ಕಳ ಕಲಿಕೆಗೆ ಏನು ಮಾಡಬಹುದು?

ಉತ್ತರ: ಗೇಟು, ಬಣ್ಣ ಬೇಡವೆಂದು ಯಾರೂ ಹೇಳಲಾರರು. 1910ರಲ್ಲಿ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು, 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಸೀಮೆ ಇದು. ಶಾಲೆಗೆಂದು ಕೇಳಿದರೆ ಕೈ ಹಿಂದೆ ಮಾಡುವ ಜನ ನಮ್ಮವರಲ್ಲ. ಆದರೆ ಕೊಟ್ಟು ಕೈಮುಗಿದು ಹೊರಗೇ ನಿಂತ ಊರಿಗೆ ಒಳಗೆ ಮಕ್ಕಳು ಏನು ಕಲಿಯುತ್ತಿದ್ದಾರೆಂಬುದು ಗೊತ್ತಾಗುವುದೇ ಇಲ್ಲ. ನಿಮ್ಮ ಕೆಲಸ ಅಲ್ಲಿಂದ ಶುರುವಾಗಬೇಕು.

ಇದಕ್ಕೆ ಕಾನೂನಿನ ಬಲವೂ ಇದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 21ನೆಯ ಕಲಮಿನಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆಯ ಕೆಲಸಕಾರ್ಯ ಮತ್ತು ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಸಮಿತಿಯ ಹೊಣೆ. 24ನೆಯ ಕಲಮು ಪಾಲಕರ ಸಭೆಗಳನ್ನು ನಿಯಮಿತವಾಗಿ ಕರೆದು, ಪ್ರತಿ ಮಗುವಿನ ಹಾಜರಿಯನ್ನೂ ಕಲಿಕೆಯ ಪ್ರಗತಿಯನ್ನೂ ತಿಳಿಸುವುದನ್ನು ಶಿಕ್ಷಕರ ಕರ್ತವ್ಯವನ್ನಾಗಿ ಮಾಡಿದೆ. ಆದ್ದರಿಂದ ನೀವು ಕೇಳುವುದು ಉಪಕಾರವಲ್ಲ, ಹಕ್ಕು.

ಮುಂದಿನ ಸಭೆಯಲ್ಲಿ ಒಂದೇ ಒಂದು ಬೇಡಿಕೆ ಇಡಿ. ಲೆಕ್ಕಪತ್ರ ಓದುವ ಮೊದಲು ಮೂರನೆಯ ಇಯತ್ತೆಯ ಕೆಲವು ಮಕ್ಕಳು ತಮ್ಮ ಪಠ್ಯಪುಸ್ತಕದ ಒಂದು ಪುಟವನ್ನು ಎಲ್ಲರೆದುರು ಗಟ್ಟಿಯಾಗಿ ಓದಲಿ. ಮಗು ಸರಾಗವಾಗಿ ಓದುತ್ತಿದೆಯೋ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿದೆಯೋ ಎಂಬುದನ್ನು ತಿಳಿಯಲು ಕೇಳುವವರು ಓದಿದವರೇ ಆಗಿರಬೇಕಿಲ್ಲ. ತಡವರಿಸಿದ ಮಗುವನ್ನಾಗಲಿ ಶಿಕ್ಷಕರನ್ನಾಗಲಿ ಅಲ್ಲಿ ಯಾರೂ ಹಳಿಯಬಾರದು. ಮುಂದಿನ ಸಭೆಯ ಹೊತ್ತಿಗೆ ಏನು ಮಾಡೋಣ ಎಂದಷ್ಟೇ ಕೇಳಬೇಕು. ನಮ್ಮ ರಾಜ್ಯದಲ್ಲಿ ನಡೆಯುತ್ತಿದ್ದ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ಹುರುಳೂ ಇದೇ ಆಗಿತ್ತು. ಮನೆಯಲ್ಲಿಯೂ ದಾರಿಯಿದೆ: ಹಾಲಿನ ಡೇರಿಯ ಚೀಟಿಯನ್ನು ಮಗುವಿನ ಕೈಗೆ ಕೊಟ್ಟು, ಎಷ್ಟು ಲೀಟರು, ಫ್ಯಾಟು ಎಷ್ಟು, ಈ ದರಕ್ಕೆ ವಾರಕ್ಕೆ ಎಷ್ಟು ಬರಬೇಕು ಎಂದು ಕೇಳಿ. ಓದೂ ಗುಣಾಕಾರವೂ ಒಟ್ಟಿಗೇ ಆಗುತ್ತವೆ.

ಸಭೆಯ ಹೊತ್ತೂ ಮುಖ್ಯ. ಬೆಳಗಿನ ಹನ್ನೊಂದಕ್ಕೆ ಕರೆದರೆ ಕೂಲಿ ಬಿಟ್ಟು ಯಾರು ಬಂದಾರು? ಎತ್ತು ಹೂಡದ ಸೋಮವಾರವೋ ಅಮಾವಾಸ್ಯೆಯೋ ನೋಡಿ, ಸಂಜೆ ಕರೆಯುವಂತೆ ಮುಖ್ಯ ಶಿಕ್ಷಕರನ್ನು ಒಪ್ಪಿಸಿ.

ಇನ್ನು ಓದು ಕಡಿಮೆಯೆಂಬ ನಿಮ್ಮ ಅಳುಕು. ಲಿಂಬೆಯನ್ನು ಗಾತ್ರ ನೋಡಿ ಬೇರೆ ಮಾಡಿ, ಎಣಿಸಿ ಚೀಲ ತುಂಬುವ ರೈತನಿಗೆ ಲೆಕ್ಕ ಬರುತ್ತದೆ. ಕೌದಿ ಹೊಲಿಯುವ ಅಜ್ಜಿ ಹಳೆಯ ಸೀರೆಯ ತುಂಡುಗಳನ್ನು ಚೌಕ, ತ್ರಿಕೋನವಾಗಿ ಕತ್ತರಿಸಿ, ಅಂಚಿಗೆ ಅಂಚು ಕೂಡಿಸುತ್ತಾಳೆ. ತರಗತಿಯಲ್ಲಿ ಆಕೃತಿಗಳ ಪಾಠ ನಡೆಯುವ ವಾರದಲ್ಲೇ ಆಕೆಯನ್ನು ಕರೆಸಿ, ಮಕ್ಕಳ ಕೈಗೆ ಬಟ್ಟೆಯ ತುಂಡು ಕೊಡಿಸಿ. ಪಾಠಕ್ಕೆ ಸಂಬಂಧವಿಲ್ಲದೆ ಶಾಲು ಹೊದಿಸಿ ಭಾಷಣ ಮಾಡಿಸುವುದರಿಂದ ಮಕ್ಕಳಿಗೆ ಏನೂ ದಕ್ಕದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ನಮ್ಮ ತಾಂಡಾದ ಅನೇಕರು ದೀಪಾವಳಿ ಮುಗಿಯುತ್ತಲೇ ಮಕ್ಕಳೊಂದಿಗೆ ಕಬ್ಬು ಕಡಿಯಲು ಹೋಗುತ್ತಾರೆ. ಆ ಮಕ್ಕಳ ಓದು ತಪ್ಪದಂತೆ ಊರು ಏನು ಮಾಡಬಹುದು?

ಉತ್ತರ: ಗಾಡಿ ಹೊರಡುವ ಮುಂಚೆ, ದಸರೆಯ ಹೊತ್ತಿಗೇ, ಯಾವ ಮನೆಯ ಯಾವ ಮಗು ಹೋಗುತ್ತದೆಂದು ಸಮಿತಿ ಪಟ್ಟಿ ಮಾಡಲಿ. ಅಜ್ಜ ಅಜ್ಜಿಯ ಬಳಿ ಉಳಿಯಬಲ್ಲ ಮಕ್ಕಳಿಗೆ ಸಂಜೆಯ ಊಟಕ್ಕೂ ಓದಿಗೂ ನೆರೆಹೊರೆಯವರು ಜೊತೆಯಾಗಲಿ. ಅಂಥ ಆಸರೆಯಿಲ್ಲದ ಮಕ್ಕಳಿಗಾಗಿ ಋತುಮಾನದ ವಸತಿ ವ್ಯವಸ್ಥೆ ಮಾಡಿಕೊಡುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಿರಿ. ಹೋಗಲೇಬೇಕಾದ ಮಗುವಿಗೆ ವರ್ಗಾವಣೆ ಪತ್ರ ಕೂಡಲೇ ಸಿಗಬೇಕು. ಆ ಪತ್ರ ತಡವಾಯಿತೆಂದು ಅಲ್ಲಿನ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 5ನೆಯ ಕಲಮು ಹೇಳುತ್ತದೆ. ಮಹಾರಾಷ್ಟ್ರಕ್ಕೆ ಹೋಗುವವರು ಜತ್ತ, ಅಕ್ಕಲಕೋಟೆಯ ಕಡೆಗಾದರೆ ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಹೊರಡುವ ಮೊದಲೇ ವಿಚಾರಿಸಿಕೊಳ್ಳಲಿ.