ದೂರದ ಸೈಕಲ್ ಪ್ರವಾಸದಲ್ಲಿ ಸೈಕಲ್ ಕೆಟ್ಟರೆ, ದಿನದ ಲೆಕ್ಕ ತಪ್ಪದಂತೆ ನಿಭಾಯಿಸುವುದು ಹೇಗೆ?

45 ದಿನ, ದಿನಕ್ಕೆ 100 ಕಿಲೋಮೀಟರ್, ನಡುವೆ ಬಿಡುವಿನ ದಿನವೇ ಇಲ್ಲ. ರಿಪೇರಿ ಅಷ್ಟಾಗಿ ಬಾರದು, ಆದರೂ ಲೆಕ್ಕ ತಪ್ಪಬಾರದು, ಯಾವ ಯಾವ ಸಲಕರಣೆ ಒಯ್ಯಲಿ ಎಂದು ಕೇಳಿದ್ದೀರಿ. ಇಂಥದೇ ಲೆಕ್ಕವನ್ನು ನಾನೂ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡು ಹೊರಟಿದ್ದೆ. ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಆ ದಿನದ ಪಾಲಿನಲ್ಲಿ ಇನ್ನೂ 60 ಕಿಲೋಮೀಟರ್ ಉಳಿದಿದ್ದಾಗ, ಹಿಂದಿನ ಚಕ್ರದಿಂದ ‘ಟಣ್’ ಎಂದು ಒಂದು ಸದ್ದು ಬಂತು.

ಇಳಿದು, ಹಿಂಬದಿಯನ್ನು ಎತ್ತಿ ಹಿಡಿದು ಚಕ್ರ ತಿರುಗಿಸಿ ನೋಡಿದೆ. ಬಲಗಡೆಯ ಒಂದು ಸ್ಪೋಕ್, ಚಕ್ರದ ನಟ್ಟನಡುವಿನ ಹಬ್ಬಿನ (ಕಡ್ಡಿಗಳೆಲ್ಲ ಬಂದು ಸೇರುವ ಭಾಗ) ಹತ್ತಿರ, ಕೊಕ್ಕೆಯಂತೆ ಬಾಗಿರುವ ಜಾಗದಲ್ಲಿ ತುಂಡಾಗಿತ್ತು. ಅದರ ನೇರಕ್ಕೆ ರಿಮ್ ಎಡಕ್ಕೆ ವಾಲಿ, ಸುತ್ತಿಗೊಮ್ಮೆ ಬ್ರೇಕಿನ ರಬ್ಬರಿಗೆ ಉಜ್ಜುತ್ತಿತ್ತು. ನಾನು ಬ್ರೇಕನ್ನು ಸಡಿಲಿಸಿ, ರಬ್ಬರು ರಿಮ್ಮಿಗೆ ತಾಗದಷ್ಟು ಅಗಲಿಸಿ, ತುಂಡಾದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಟೇಪಿನಿಂದ ಸುತ್ತಿ, ಮತ್ತೆ ಹತ್ತಿ ಹೊರಟುಬಿಟ್ಟೆ. ಐದು ನಿಮಿಷವೂ ಹಿಡಿಯಲಿಲ್ಲ. ಕತ್ತಲಾಗುವ ಮುನ್ನ ತಲುಪಬೇಕಾದ ಜಾಗ ತಲುಪಿದೆ, ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲಿಗೆ ಸರಿ ಗುರುತು ಹಾಕಿದೆ.

ಆ ಐದು ನಿಮಿಷವೇ ನನ್ನ ತಪ್ಪು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಂದು ಕಡ್ಡಿ ಹೋದರೆ ಏನಂತೆ, ಇನ್ನೂ 35 ಇವೆಯಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಸ್ಪೋಕುಗಳು ಕಂಬಗಳಂತೆ ನಿಂತು ಭಾರ ಹೊರುವುದಿಲ್ಲ. ಬಿಗಿಯಾಗಿ ಎಳೆದು ಕಟ್ಟಿದ ತಂತಿಗಳಂತೆ ರಿಮ್ಮನ್ನು ಎರಡೂ ಬದಿಯಿಂದ ಹಿಡಿದಿರುತ್ತವೆ. ಚಕ್ರ ಒಂದು ಸುತ್ತು ಉರುಳಿದಾಗ ಪ್ರತಿಯೊಂದು ಕಡ್ಡಿಯೂ ನೆಲದ ಕಡೆಗೆ ಬಂದಾಗ ತುಸು ಸಡಿಲವಾಗಿ, ಮೇಲೇರುವಾಗ ಮತ್ತೆ ಬಿಗಿಯಾಗುತ್ತದೆ. ನನ್ನ ಚಕ್ರದ ಒಂದು ಸುತ್ತಿಗೆ ಸುಮಾರು 2.2 ಮೀಟರ್, ಅಂದರೆ ಉಳಿದ ಆ 60 ಕಿಲೋಮೀಟರಿನಲ್ಲಿ ಪ್ರತಿ ಕಡ್ಡಿಯೂ 27 ಸಾವಿರ ಸಲ ಸಡಿಲವಾಗಿ 27 ಸಾವಿರ ಸಲ ಬಿಗಿಯಾಗಿತ್ತು. ಕಡ್ಡಿ ತುಂಡಾಗುವುದು ಸಾಮಾನ್ಯವಾಗಿ ಒಂದು ಗುಂಡಿಯ ಹೊಡೆತಕ್ಕಲ್ಲ, ಹೀಗೆ ದಣಿದು ದಣಿದು. ಒಂದು ಹೋದ ಮೇಲೆ ಅದರ ಪಾಲಿನ ಎಳೆತ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ, ಅವೂ ಅಷ್ಟೇ ದೂರ ಓಡಿ ಅಷ್ಟೇ ದಣಿದಿರುತ್ತವೆ. ಹಿಂದಿನ ಚಕ್ರದ ಬಲಬದಿಯಲ್ಲಿ ಗೇರಿನ ಹಲ್ಲುಗಳ ಕ್ಯಾಸೆಟ್ಟಿಗೆ ಜಾಗ ಬಿಡಬೇಕಾಗಿರುವುದರಿಂದ ಆ ಬದಿಯ ಕಡ್ಡಿಗಳು ಎಡಬದಿಯವಕ್ಕಿಂತ ಬಹಳ ಬಿಗಿಯಾಗಿರುತ್ತವೆ. ಸಾಮಾನು ತುಂಬಿದ ಚೀಲಗಳ ಭಾರ ಕೂಡ ಹಿಂದಿನ ಚಕ್ರದ ಮೇಲೆಯೇ ಇತ್ತು.

ಮರುದಿನ ಬೆಳಿಗ್ಗೆ ಎರಡನೆಯದು ಹೋಯಿತು, ನಾನು ಬ್ರೇಕನ್ನು ಇನ್ನಷ್ಟು ಅಗಲಿಸಿದೆ. ಮೂರನೆಯ ದಿನ, ಮುಂದಿನ ಬ್ರೇಕೊಂದನ್ನೇ ನಂಬಿ ಉದ್ದನೆಯ ಇಳಿಜಾರು ಇಳಿಯುತ್ತಿದ್ದಾಗ, ಒಂದರ ಹಿಂದೆ ಒಂದು ಎರಡು ಸದ್ದು ಕೇಳಿದವು. ಹಿಂದಿನ ಚಕ್ರ ಸೊಟ್ಟಗಾಗಿ ಚೌಕಟ್ಟಿಗೆ ಒತ್ತಿಕೊಂಡು ನಿಂತೇಬಿಟ್ಟಿತು. ವೇಗ ಕಡಿಮೆ ಇದ್ದುದರಿಂದ ಬೀಳದೆ ಉಳಿದೆ. ರಿಮ್ ಮತ್ತೆ ನೇರವಾಗುವ ಸ್ಥಿತಿಯಲ್ಲಿರಲಿಲ್ಲ. ಹತ್ತಿರದಲ್ಲಿ ಸಿಕ್ಕಿದ್ದು 32 ತೂತಿನ ರಿಮ್, ನನ್ನ ಹಬ್ಬಿಗೆ ಬೇಕಾದದ್ದು 36 ತೂತಿನದು. ಅದು ಬರುವಷ್ಟರಲ್ಲಿ ಆರು ದಿನ ಕಳೆದವು, ನನ್ನ ರಜೆಯ ಲೆಕ್ಕದಲ್ಲಿ ಅಷ್ಟು ದಿನ ಉಳಿದಿರಲಿಲ್ಲ. ಪ್ರವಾಸ ಅಲ್ಲಿಗೇ ನಿಂತಿತು.

ನನಗೆ ಈಗಲೂ ಕೊರೆಯುವ ಸಂಗತಿಯೆಂದರೆ, ಸ್ಪೋಕ್ ಬಿಗಿಮಾಡುವ ಚಾವಿ ಮೊದಲ ದಿನವೂ ನನ್ನ ಚೀಲದಲ್ಲಿತ್ತು. ಬಲಗಡೆಯ ಕಡ್ಡಿ ಹೋದಾಗ ರಿಮ್ ಎಡಕ್ಕೆ ವಾಲುತ್ತದೆ. ರಿಮ್ಮಿನಲ್ಲಿ ಅದರ ಎರಡೂ ಪಕ್ಕ ಇರುವುದು ಎಡಬದಿಯಿಂದ ಬಂದ ಕಡ್ಡಿಗಳು. ಆ ಎರಡನ್ನು ಅರ್ಧರ್ಧ ಸುತ್ತಿನಂತೆ ಸಡಿಲಿಸುತ್ತ ಹೋದರೆ ರಿಮ್ ಬಹುಮಟ್ಟಿಗೆ ಮಧ್ಯಕ್ಕೆ ಬರುತ್ತದೆ, ಬ್ರೇಕನ್ನು ಅಗಲಿಸಬೇಕಾಗುವುದಿಲ್ಲ. ಆಮೇಲೆ ಭಾರವನ್ನು ಆದಷ್ಟು ಮುಂದಕ್ಕೆ ಹಾಕಿಕೊಂಡು, ನಿಧಾನವಾಗಿ ಹತ್ತಿರದ ಊರಿನವರೆಗೆ ಹೋಗಿ, ಹೊಸ ಕಡ್ಡಿ ಹಾಕುವ ತನಕ ಅಲ್ಲೇ ನಿಲ್ಲಬಹುದಿತ್ತು. ಸರಿಯಾದ ಅಳತೆಯ ಮೂರು ಕಡ್ಡಿಗಳನ್ನೂ ಚೌಕಟ್ಟಿಗೆ ಟೇಪಿನಿಂದ ಅಂಟಿಸಿಕೊಂಡೇ ಹೋಗಿದ್ದೆ. ಆದರೆ ಬಲಬದಿಗೆ ಕಡ್ಡಿ ತೂರಿಸಬೇಕಾದರೆ ಕ್ಯಾಸೆಟ್ ಬಿಚ್ಚಲೇಬೇಕು ಎಂಬುದು ನನಗೆ ಗೊತ್ತಾದದ್ದು ಎರಡನೆಯ ದಿನ ರಾತ್ರಿ, ಕೈಯಲ್ಲಿ ಕಡ್ಡಿ ಹಿಡಿದು ತೂತು ಹುಡುಕುತ್ತ ಕುಳಿತಾಗ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸೈಕಲ್ ಕೆಟ್ಟಾಗ ಲೆಕ್ಕ ತಪ್ಪಲೇಬೇಕು. ಲೆಕ್ಕ ಉಳಿಸಿಕೊಳ್ಳಲು ಹೊರಟವರು ಸದ್ದು ಕೇಳಿದ ಕೂಡಲೇ ನಿಲ್ಲುವುದಿಲ್ಲ. ಅಂದೇ ಸರಿಯಾಗಬಹುದಾದ ಕೆಲಸ ಮೂರು ದಿನದಲ್ಲಿ ಇಡೀ ಚಕ್ರವನ್ನು ತಿನ್ನುತ್ತದೆ. 45 ದಿನಗಳಲ್ಲಿ ಏಳು ದಿನವನ್ನಾದರೂ ಖಾಲಿ ಬಿಡಿ. ಅಷ್ಟು ದಿನ ಬಿಡಲಾಗದಿದ್ದರೆ ದಾರಿಯನ್ನು ಕಡಿಮೆ ಮಾಡಿ, ದಿನದ ಕಿಲೋಮೀಟರ್ ಹೆಚ್ಚಿಸಬೇಡಿ.

ಸಲಕರಣೆಗಳ ವಿಷಯದಲ್ಲಿ ನನ್ನ ನಿಯಮ ಕಟ್ಟುನಿಟ್ಟು: ಮನೆಯಲ್ಲಿ ಒಮ್ಮೆಯಾದರೂ ಬಳಸಿ ನೋಡದ ಸಾಧನ ಚೀಲಕ್ಕೆ ಭಾರ. ಚೈನ್ ಬಿಚ್ಚುವ ಸಾಧನ, ಚೈನಿನ ತುದಿಗಳನ್ನು ಸೇರಿಸುವ ಒಂದೆರಡು ಜೋಡಣೆ ಕೊಂಡಿ, ಅಲೆನ್ ಕೀಗಳು, ಪಂಪು, ಎರಡು ಟ್ಯೂಬು, ಇವನ್ನು ಎಲ್ಲರೂ ಹೇಳುತ್ತಾರೆ. ನಾನು ಸೇರಿಸುವುದು ಎರಡು. ಒಂದು, ಸೈಕಲ್ಲಿನ ಚೌಕಟ್ಟನ್ನೇ ಆಸರೆ ಮಾಡಿಕೊಂಡು ಕ್ಯಾಸೆಟ್ ಬಿಚ್ಚುವ ಪುಟ್ಟ ಸಾಧನ. ಇನ್ನೊಂದು, ಹಿಂದಿನ ಡಿರೇಲರನ್ನು, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗವನ್ನು, ಚೌಕಟ್ಟಿಗೆ ತೂಗುಹಾಕುವ ಹ್ಯಾಂಗರ್; ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ, ಹಲವು ಚೌಕಟ್ಟುಗಳಿಗೆ ಅದರ ಆಕಾರವೇ ಬೇರೆ ಇರುವುದರಿಂದ ದಾರಿಯಲ್ಲಿ ಸಿಗುತ್ತದೆಂದು ನಂಬಬಾರದು.

ಪಂಕ್ಚರಿಗೆ ಹೆದರಬೇಡಿ, ಆದರೆ ಅವಸರ ಬೇಡ. ಟೈರಿನ ಮೇಲಿನ ಹೆಸರು ಯಾವಾಗಲೂ ವಾಲ್ವಿನ ನೇರಕ್ಕೆ ಬರುವಂತೆ ಹಾಕಿಕೊಳ್ಳಿ. ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎರಡು ಗೇಣು ದೂರದಲ್ಲಿದ್ದರೆ ಟೈರಿನಲ್ಲೂ ಅಷ್ಟೇ ದೂರದಲ್ಲಿ, ಆಚೆ ಈಚೆ ಎರಡೂ ಕಡೆ, ಒಳಗಿನಿಂದ ಬೆರಳಾಡಿಸಿ ನೋಡಿ. ಕೂದಲಿನಷ್ಟು ಸಣ್ಣ ತಂತಿಯ ಚೂರು ಹಲವು ಸಲ ಅಲ್ಲಿ ಸಿಗುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದವರು ಮತ್ತೆ ಇಳಿಯಬೇಕಾಗುತ್ತದೆ.

ಹೊರಡುವ ಮೊದಲು ಪೂರ್ತಿ ಸಾಮಾನು ಹೇರಿ ಮುನ್ನೂರು ಕಿಲೋಮೀಟರ್ ಓಡಿಸಿ, ಆಮೇಲೆ ಬಲ್ಲವರಿಂದ ಎರಡೂ ಚಕ್ರಗಳ ಬಿಗಿ ಸರಿಮಾಡಿಸಿ, ಅವರ ಪಕ್ಕದಲ್ಲೇ ಕುಳಿತು ನೋಡಿ. ನಾನು ಈಗ ಪ್ರತಿ ಸಂಜೆ ಕಡ್ಡಿಗಳನ್ನು ತಂಬೂರಿಯ ತಂತಿಯಂತೆ ಒಂದೊಂದಾಗಿ ಮೀಟುತ್ತೇನೆ. ಒಂದು ಬದಿಯವೆಲ್ಲ ಹತ್ತಿರ ಹತ್ತಿರ ಒಂದೇ ಸ್ವರ ಕೊಡಬೇಕು. ಯಾವುದಾದರೂ ಮಂಕಾಗಿ ನುಡಿದರೆ ಅಂದೇ ಚಾವಿ ತೆಗೆಯುತ್ತೇನೆ.

ಈ ವಾರವೇ ಒಂದು ಕೆಲಸ ಮಾಡಿ: ಹಿಂದಿನ ಚಕ್ರ ಕಳಚಿ, ಕ್ಯಾಸೆಟ್ ಬಿಚ್ಚಿ, ಬಲಬದಿಯ ಒಂದು ಸ್ಪೋಕನ್ನು ಹೊರತೆಗೆದು ಮತ್ತೆ ಹಾಕಿ, ಚಕ್ರ ನೇರವಾಗುವ ತನಕ ಕೂರಿ. ನನಗೆ ಮೊದಲ ಸಲ ಮೂರೂವರೆ ಗಂಟೆ ಹಿಡಿಯಿತು, ಈಗ ನಲವತ್ತು ನಿಮಿಷ ಸಾಕು.