ಸಂಪಾದಕರ ಉತ್ತರ: ಬಯಲಿನ ನಡುವೆ ಒಂದು ರೈಲು ಊರು

ಮಾನ್ಯರೆ,

ತಮ್ಮ ಪತ್ರ ತಲುಪಿದೆ. ಕಾರ್ಬನ್‌ಡೇಲ್‌ನ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮಗಳನ್ನು ಕಾಣಲು ಶಿಕಾಗೊದಿಂದ ಹೊರಟಾಗ ಇಲಿನಾಯ್ ರಾಜ್ಯದ ಸೆಂಟ್ರೇಲಿಯಾ ಎಂಬ ನಿಲ್ದಾಣದಲ್ಲಿ ಗಾಡಿ ನಿಂತಿತೆಂದೂ, ದೊಡ್ಡ ನದಿಯಾಗಲಿ ಗುಡ್ಡವಾಗಲಿ ಕಾಣದ ಆ ಬಯಲಿನಲ್ಲಿ ಅಷ್ಟು ಹಳಿಗಳಿರುವ ಊರನ್ನು ಯಾರು, ಏಕೆ ಕಟ್ಟಿದರೆಂಬುದು ಹೊಳೆಯಲಿಲ್ಲವೆಂದೂ ಬರೆದಿದ್ದೀರಿ. ಆ ಪುಟ್ಟ ಊರು ನಾಲ್ಕು ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ಹಂಚಿಹೋಗಿರುವುದು ಹೇಗೆ, ನೆಲದಡಿ ಬೆಂಕಿ ಉರಿಯುತ್ತಿರುವ ಊರು ಇದೇ ಅಲ್ಲವೆ ಎಂದೂ ಕೇಳಿದ್ದೀರಿ.

ಬೆಂಕಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಪೆನ್ಸಿಲ್ವೇನಿಯಾ ರಾಜ್ಯದ ಸೆಂಟ್ರೇಲಿಯಾ. ಅಲ್ಲಿನ ಕಲ್ಲಿದ್ದಲು ಗಣಿಗೆ 1962ರಲ್ಲಿ ಹತ್ತಿದ ಬೆಂಕಿ ಇನ್ನೂ ಆರಿಲ್ಲ. ಬಹುತೇಕ ಎಲ್ಲ ನಿವಾಸಿಗಳೂ ಸರ್ಕಾರದ ಪರಿಹಾರ ಪಡೆದು ಊರು ಬಿಟ್ಟಿದ್ದಾರೆ. ಮಿಸೌರಿ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲೂ ಇದೇ ಹೆಸರಿನ ಊರುಗಳಿವೆ. ತಾವು ಕಂಡ ಊರಿಗೆ ಈ ಹೆಸರು ಬಂದದ್ದು ಅದನ್ನು ಹುಟ್ಟಿಸಿದ ಇಲಿನಾಯ್ ಸೆಂಟ್ರಲ್ ರೈಲ್ವೆ ಕಂಪನಿಯಿಂದ. 2020ರ ಜನಗಣತಿಯ ಪ್ರಕಾರ ಅಲ್ಲಿ ಸುಮಾರು 12 ಸಾವಿರ ಜನರಿದ್ದಾರೆ.

ಅಲ್ಲಿ ಊರು ಏಕೆ ಎಂಬ ತಮ್ಮ ಪ್ರಶ್ನೆಗೆ ನೆಲವನ್ನು ನೋಡಿ ಉತ್ತರ ಹುಡುಕಿದರೆ ಸಿಗಲಾರದು, ಕಾಗದ ನೋಡಬೇಕು. ಅಮೆರಿಕದ ಸರ್ಕಾರಿ ಭೂಮಿಯ ಮೋಜಣಿ ಮಾಡುವಾಗ ಉತ್ತರ-ದಕ್ಷಿಣವಾಗಿ ಒಂದು ಮೂಲ ರೇಖೆಯನ್ನೂ ಪೂರ್ವ-ಪಶ್ಚಿಮವಾಗಿ ಒಂದು ಅಡ್ಡ ರೇಖೆಯನ್ನೂ ಎಳೆದು, ಅವುಗಳಿಂದ ಲೆಕ್ಕ ಹಿಡಿದು ಇಡೀ ಸೀಮೆಯನ್ನು ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ, ಚೌಕಗಳಾಗಿ ವಿಂಗಡಿಸುತ್ತಿದ್ದರು. ಇಲಿನಾಯ್‌ನ ಬಹುಭಾಗಕ್ಕೆ ಆಧಾರವಾದ ‘ಮೂರನೆಯ ಮೂಲ ರೇಖೆ’ಯು ಓಹಾಯೊ ನದಿ ಮಿಸಿಸಿಪ್ಪಿಯನ್ನು ಸೇರುವ ಸಂಗಮದಿಂದ ನೇರ ಉತ್ತರಕ್ಕೆ ಹೋಗುತ್ತದೆ, ಅದನ್ನು ಅಡ್ಡ ರೇಖೆ ಕತ್ತರಿಸುವ ಜಾಗ ಸೆಂಟ್ರೇಲಿಯಾದ ಬಳಿಯೇ ಇದೆ. ಮುಂದೆ ಕೌಂಟಿಗಳ ಗಡಿಗಳೂ ಆ ರೇಖೆಗಳನ್ನೇ ಹಿಡಿದವು. ಹೀಗಾಗಿ ಈಶಾನ್ಯಕ್ಕೆ ಮೇರಿಯನ್, ಆಗ್ನೇಯಕ್ಕೆ ಜೆಫರ್ಸನ್, ನೈಋತ್ಯಕ್ಕೆ ವಾಷಿಂಗ್ಟನ್, ವಾಯವ್ಯಕ್ಕೆ ಕ್ಲಿಂಟನ್ ಕೌಂಟಿಗಳು ಅಲ್ಲಿ ಮೂಲೆಗೆ ಮೂಲೆ ಕೂಡಿಸಿಕೊಂಡಿವೆ. ಊರಿನ ದೊಡ್ಡ ಪಾಲು ಮೇರಿಯನ್‌ನಲ್ಲಿದೆ. ಪಕ್ಕದ ಊರೊಂದು ವಾಷಿಂಗ್ಟನ್, ಮೇರಿಯನ್, ಕ್ಲಿಂಟನ್ ಹೆಸರುಗಳ ಮೊದಲಕ್ಷರಗಳನ್ನು ಪೋಣಿಸಿ ‘ವಾಮ್ಯಾಕ್’ ಎಂದೇ ಕರೆದುಕೊಂಡಿದೆ.

ರೈಲು ಬಂದದ್ದೂ ಈ ಚೌಕಗಳ ಲೆಕ್ಕದ ಮೇಲೆಯೇ. ಸೆನೆಟರ್ ಸ್ಟೀಫನ್ ಡಗ್ಲಸ್ ಪಟ್ಟುಹಿಡಿದು ದಾಟಿಸಿದ ಮಸೂದೆಗೆ ಅಧ್ಯಕ್ಷ ಫಿಲ್ಮೋರ್ 1850ರ ಸೆಪ್ಟೆಂಬರ್ 20ರಂದು ಸಹಿ ಹಾಕಿದರು. ಹಳಿಯ ಎರಡೂ ಬದಿಗೆ ಆರಾರು ಮೈಲಿಗಳೊಳಗಿನ ಸರ್ಕಾರಿ ಭೂಮಿಯಲ್ಲಿ ಚೌಕ ಬಿಟ್ಟು ಚೌಕ ರೈಲಿಗೆ ಸೇರತಕ್ಕದ್ದೆಂದಾಗಿ, ಕಂಪನಿಗೆ ರಾಜ್ಯದ ಮೂಲಕ ಸುಮಾರು 26 ಲಕ್ಷ ಎಕರೆ ದಕ್ಕಿತು. ಸರ್ಕಾರ ಅಷ್ಟು ಧಾರಾಳಿಯಾಗಿತ್ತೆಂದು ತಿಳಿಯಬಾರದು. ತಾನು ಉಳಿಸಿಕೊಂಡ ಚೌಕಗಳ ಬೆಲೆಯನ್ನು ಎಕರೆಗೆ ಒಂದೂಕಾಲು ಡಾಲರಿನಿಂದ ಎರಡೂವರೆಗೆ ಏರಿಸಿ, ಕೊಟ್ಟದ್ದರ ಬೆಲೆಯನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡಿತು. ರಾಜ್ಯವೂ ಕಡಿಮೆಯಿರಲಿಲ್ಲ. ಕಂಪನಿಯ ಒಟ್ಟು ವರಮಾನದಲ್ಲಿ ಶೇಕಡಾ 7ರಷ್ಟು ತನಗೆ ಸಲ್ಲಬೇಕೆಂದು 1851ರ ಸನ್ನದಿನಲ್ಲೇ ಬರೆಸಿಕೊಂಡಿತು.

ಅಂದಿನ ಯೋಜನೆಯಂತೆ ಮುಖ್ಯ ಮಾರ್ಗವು ದಕ್ಷಿಣದ ಸಂಗಮದಲ್ಲಿರುವ ಕೇರೊದಿಂದ ಹೊರಟು, ಬಹುಮಟ್ಟಿಗೆ ಆ ಮೂಲ ರೇಖೆಯ ಆಸುಪಾಸಿನಲ್ಲೇ ಡೆಕೇಟರ್, ಬ್ಲೂಮಿಂಗ್ಟನ್, ಲಾಸಾಲ್ ದಾಟಿ, ವಾಯವ್ಯ ಮೂಲೆಯಲ್ಲಿ ಸೀಸದ ಗಣಿಗಳಿಗೆ ಹೆಸರಾದ ಗಲೀನಾದ ಕಡೆಗೆ ಹೋಗಬೇಕಿತ್ತು. ಶಿಕಾಗೊಗೆ ಹೋಗುವುದು ಬರಿಯ ಕವಲು ಮಾರ್ಗ. ಆ ಕವಲು ಒಡೆಯುವ ಜಾಗಕ್ಕೆ ಹೊಂದಿಕೊಂಡು 1853ರಲ್ಲಿ ಗುರುತು ಹಾಕಿದ ಊರೇ ಸೆಂಟ್ರೇಲಿಯಾ. ಕವಲಿದ್ದ ಮೇಲೆ ಎಂಜಿನ್ ಷೆಡ್ಡು, ದುರಸ್ತಿಯ ವರ್ಕ್‌ಶಾಪು, ಗೂಡ್ಸ್ ಬೋಗಿಗಳನ್ನು ಬೇರ್ಪಡಿಸಿ ಜೋಡಿಸುವ ಯಾರ್ಡು, ಗಾಡಿಯ ಸಿಬ್ಬಂದಿಗೆ ವಸತಿ, ಎಲ್ಲವೂ ಅಲ್ಲಿಗೇ ಬಂದವು. 1856ರಲ್ಲಿ ಒಟ್ಟು 705 ಮೈಲಿ ಪೂರ್ಣಗೊಂಡಾಗ ಇಲಿನಾಯ್ ಸೆಂಟ್ರಲ್ ಜಗತ್ತಿನ ಅತಿ ಉದ್ದದ ರೈಲುಮಾರ್ಗವೆನಿಸಿತ್ತು. ಹುಟ್ಟಿ ಐದು ವರ್ಷವಷ್ಟೇ ಆಗಿದ್ದ ಈ ಊರಿನಲ್ಲಿ 1858ರ ರಾಜ್ಯಮಟ್ಟದ ಕೃಷಿ ಮೇಳ ನಡೆಯಿತು.

ಮಣ್ಣಿನ ವಿಷಯದಲ್ಲಿ ಒಂದು ಮಾತು. ಶಿಕಾಗೊದಿಂದ ಬರುವಾಗ ಕಿಟಕಿಯಲ್ಲಿ ಕಂಡ ಕಪ್ಪು ಮಣ್ಣಿನ ಮುಸುಕಿನ ಜೋಳದ ಹೊಲಗಳೇ ಕೊನೆಯವರೆಗೂ ಇದ್ದವೆಂದು ತಾವು ಬರೆದಿರುವುದನ್ನು ಒಪ್ಪಲಾರೆ. ಕೊನೆಯ ಹಿಮಯುಗದ ಹಿಮದ ಹಾಸು ಮಟೂನ್ ಪಟ್ಟಣದ ಆಸುಪಾಸಿನಲ್ಲೇ ನಿಂತುಹೋಯಿತು. ಅದರ ದಕ್ಷಿಣದ ನೆಲ ಇನ್ನೂ ಹಳೆಯ ಹಿಮ ತಂದು ಸುರಿದದ್ದು. ಹೆಚ್ಚು ಕಾಲ ಮಳೆಗೆ ತೊಳೆದುಹೋಗಿ, ಮೇಲ್ಮಣ್ಣಿನ ಕೆಳಗೆ ನೀರಿಳಿಯದ ಗಟ್ಟಿ ಜೇಡಿಯ ಪದರ ಕಟ್ಟಿಕೊಂಡಿದೆ. ಬೇಸಾಯವೊಂದನ್ನೇ ನಂಬಿದ್ದರೆ ಈ ಊರು ಇಷ್ಟು ಬೆಳೆಯುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಆದರೆ ಆ ನೆಲದ ಆಳದಲ್ಲಿ ಕಲ್ಲಿದ್ದಲು ಇತ್ತು. ಬೆಂಕಿಯ ಊರೆಂದು ತಾವು ತಪ್ಪಾಗಿ ತಿಳಿದ ಈ ಸೆಂಟ್ರೇಲಿಯಾಕ್ಕೂ ಗಣಿಯ ದುಃಖ ತಪ್ಪಲಿಲ್ಲ. 1947ರ ಮಾರ್ಚ್ 25ರಂದು ಊರ ಹೊರಗಿನ 5ನೇ ನಂಬರ್ ಗಣಿಯಲ್ಲಿ ಕಲ್ಲಿದ್ದಲಿನ ಧೂಳು ಸ್ಫೋಟಿಸಿ 111 ಕಾರ್ಮಿಕರು ಸತ್ತರು. ಅದನ್ನು ಆಕಸ್ಮಿಕವೆನ್ನಲು ನನಗೆ ಮನಸ್ಸಾಗದು. ಧೂಳು ಅಪಾಯದ ಮಟ್ಟ ಮುಟ್ಟಿದೆಯೆಂದು ರಾಜ್ಯದ ಗಣಿ ತನಿಖಾಧಿಕಾರಿ ಡ್ರಿಸ್ಕಾಲ್ ಸ್ಕ್ಯಾನ್ಲನ್ ವರದಿಯ ಮೇಲೆ ವರದಿ ಕಳಿಸಿದ್ದರು. ಒಂದು ವರ್ಷ ಮೊದಲೇ ಕಾರ್ಮಿಕ ಸಂಘದವರು ತಮ್ಮ ಪ್ರಾಣ ಉಳಿಸಬೇಕೆಂದು ರಾಜ್ಯಪಾಲ ಡ್ವೈಟ್ ಗ್ರೀನ್ ಅವರಿಗೆ ಪತ್ರ ಬರೆದು ಬೇಡಿಕೊಂಡಿದ್ದರು. ಎಚ್ಚರಿಕೆಗಳೆಲ್ಲ ಕಡತ ಸೇರಿದ್ದವು.

ಉಳಿದದ್ದು ಆ ಅಗಲವಾದ ಯಾರ್ಡಿನಲ್ಲಿ ಕೆಲಸ ಇಳಿದದ್ದೇಕೆ ಎಂಬ ಪ್ರಶ್ನೆ. ಕಲ್ಲಿದ್ದಲು ಸಾಗಣೆಯಿಂದ ಬದುಕುತ್ತಿದ್ದ ಇಲಿನಾಯ್ ಸೆಂಟ್ರಲ್ ಇತರ ದೊಡ್ಡ ಕಂಪನಿಗಳಿಗಿಂತ ಹೆಚ್ಚು ಕಾಲ, 1950ರ ದಶಕದ ಕೊನೆಯವರೆಗೂ, ಉಗಿ ಎಂಜಿನ್‌ಗಳನ್ನು ಓಡಿಸಿತು. ಉಗಿ ಎಂಜಿನ್ನಿಗೆ ನೀರು, ಇದ್ದಲು, ಬೂದಿ ತೆಗೆಯುವುದು, ಬಾಯ್ಲರ್ ತೊಳೆಯುವುದು ಎಂದು ಹೆಜ್ಜೆಹೆಜ್ಜೆಗೂ ಆಳು ಬೇಕು. ಡೀಸೆಲ್ ಬಂದಾಗ ಆ ಕೆಲಸಗಳೇ ಇಲ್ಲವಾದವು. ಆಮೇಲೆ ಕವಲೂ ಹೋಯಿತು, ಅದೂ ತಲೆಕೆಳಗಾಗಿ. ಶಿಕಾಗೊ ಬೆಳೆದಂತೆ ಕವಲು ಮಾರ್ಗವೇ ನ್ಯೂ ಆರ್ಲಿಯನ್ಸ್‌ವರೆಗಿನ ಮುಖ್ಯ ರೈಲುಮಾರ್ಗವಾಯಿತು. ಡೆಕೇಟರ್ ಕಡೆಯ ಮೂಲ ಮಾರ್ಗದಲ್ಲಿ ಸರಕು ಇಳಿಮುಖವಾಗಿ, 1980ರ ದಶಕದಲ್ಲಿ ಅದರ ಬಹುಭಾಗದ ಹಳಿಗಳನ್ನು ಕಿತ್ತರು. ಕಂಪನಿಯೂ ಈಗ ಕೆನೇಡಿಯನ್ ನ್ಯಾಷನಲ್ ರೈಲ್ವೆಗೆ ಸೇರಿದೆ. ತಾವು ಕೂತ ಗಾಡಿ ಸೆಂಟ್ರೇಲಿಯಾಕ್ಕೆ ಬಂದದ್ದು ಆ ಹಳೆಯ ಕವಲಿನ ಮೇಲೆಯೇ. ಊರಿನ ಫೇರ್‌ವ್ಯೂ ಪಾರ್ಕಿನಲ್ಲಿ ಇಲಿನಾಯ್ ಸೆಂಟ್ರಲ್‌ನ 2500ನೇ ನಂಬರಿನ ಉಗಿ ಎಂಜಿನ್ ಒಂದನ್ನು ಇರಿಸಿದ್ದಾರೆ. ಮಗಳ ಜೊತೆ ಒಂದು ದಿನದ ಬಿಡುವಿದ್ದರೆ ಕಾರ್ಬನ್‌ಡೇಲ್‌ನಿಂದ ಹೋಗಿಬರುವುದು ಕಷ್ಟವಲ್ಲ.

— ಸಂಪಾದಕ